ಕಷ್ಟದ ದಿನಗಳಲ್ಲಿ ನಂಬಿಕೆ ಕೆಡದಂತೆ ನೋಡಿಕೊಳ್ಳುವುದು ಹೇಗೆ? ಸ್ವಭಾವ ಅರಿತು ಮಾಡಿಕೊಳ್ಳುವ ಮನೆಯೊಳಗಿನ ಕರಾರು

ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಿದೆ. "ನಮ್ಮ ಮನೆಯವರು ಒಳ್ಳೆಯವರೇ. ಆದರೆ ಟೆನ್ಷನ್ ಬಂತೆಂದರೆ ವಿಷಯ ಮುಚ್ಚಿಡುತ್ತಾರೆ. ಸ್ವಭಾವವೇ ಹಾಗೆ ಅಂತಾರೆ. ನಂಬೋದಾ, ಬಿಡೋದಾ?" ಎಂದು ಒಬ್ಬರು ಕೇಳುತ್ತಾರೆ. ಮದುವೆ ಗೊತ್ತಾದ ಹುಡುಗಿಯೊಬ್ಬಳು ಮೊಬೈಲ್‌ನಲ್ಲಿ ಪರ್ಸನಾಲಿಟಿ ಟೆಸ್ಟ್ ಮಾಡಿ, ಸ್ವಭಾವದ ಗುರುತೆಂದು ಅದು ಕೊಡುವ ಅಕ್ಷರಗಳು ಇಬ್ಬರಿಗೂ ಬೇರೆ ಬೇರೆ ಬಂದವು ಎಂದು ಗಾಬರಿಯಾಗಿರುತ್ತಾಳೆ. ಧಾರವಾಡದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗ, ಫಲಿತಾಂಶ ಬರುವವರೆಗೂ ತಾನು ಮನೆಯವರಿಗೆ ನಿಜ ಹೇಳುವುದೇ ಇಲ್ಲ, ಇದು ತಪ್ಪಾ ಎಂದು ಕೇಳುತ್ತಾನೆ.

ಎಲ್ಲರಿಗೂ ನನ್ನ ಉತ್ತರದ ತಿರುಳು ಒಂದೇ. ಒತ್ತಡ ಬಂದಾಗ ಒಬ್ಬ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬುದಕ್ಕೆ ಸ್ವಭಾವ ಕಾರಣ ಕೊಡಬಲ್ಲದು, ಮಾಡಿದ್ದಕ್ಕೆ ಮಾಫಿ ಕೊಡಲಾರದು. ಸ್ವಭಾವ ಬದಲಾಗಲಿ ಎಂದು ಕಾಯುತ್ತಾ ಕೂರುವ ಬದಲು, ಇಬ್ಬರೂ ಶಾಂತವಾಗಿರುವಾಗ ಒಂದು ಕರಾರು ಮಾಡಿಕೊಳ್ಳುವುದು ಒಳ್ಳೆಯದು. ಅದನ್ನು ಮಾಡುವ ಬಗೆಯನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ಗಂಡ ಹೆಂಡತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರೂ ಅಣ್ಣ ತಮ್ಮಂದಿರಿಗೆ, ಅತ್ತೆ ಸೊಸೆಗೆ, ಕೂಡಿ ಅಂಗಡಿ ನಡೆಸುವ ಗೆಳೆಯರಿಗೂ ಇದು ನಡೆಯುತ್ತದೆ.

ಮೊದಲು ಈ ಎಚ್ಚರಿಕೆ ಓದಿ

ನಿಮ್ಮ ಮನೆಯಲ್ಲಿ ಹೊಡೆತ, ಬೆದರಿಕೆ, ದುಡ್ಡು ಕಸಿದುಕೊಳ್ಳುವುದು, ಹೊರಗೆ ಹೋಗದಂತೆ ತಡೆಯುವುದು ಇದ್ದರೆ ಈ ಮಾರ್ಗದರ್ಶಿ ನಿಮಗಲ್ಲ. ಹೆದರಿಕೆ ಇರುವ ಕಡೆ ಕರಾರು ಮಾಡಲು ಹೋದರೆ ಅಪಾಯ ಜಾಸ್ತಿಯಾಗಬಹುದು. ತುರ್ತಿದ್ದರೆ 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೊಡೆತಕ್ಕೆ ಮಾತ್ರ ಇರುವುದಲ್ಲ. ಬೈಗುಳ, ಅವಮಾನ, ಖರ್ಚಿಗೆ ದುಡ್ಡು ಕೊಡದೆ ಸತಾಯಿಸುವುದು ಕೂಡ ಅದರಡಿ ದೌರ್ಜನ್ಯವೇ. ಹೆಂಡತಿಯಷ್ಟೇ ಅಲ್ಲ, ಅದೇ ಮನೆಯಲ್ಲಿರುವ ತಾಯಿ, ಅಕ್ಕ ತಂಗಿಯರೂ ಅದರ ನೆರವು ಪಡೆಯಬಹುದು. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ನಿದ್ದೆ ಹೋಗಿದೆ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಎನ್ನುವವರೂ ಮೊದಲು ನೆರವು ಪಡೆಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂದು ಕರೆಯುವ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಿದೆ. ಗದಗ, ಹಾವೇರಿ ಕಡೆಯವರೂ ಅಲ್ಲಿಗೆ ಬರುತ್ತಾರೆ. ಅಲ್ಲಿಗೆ ಹೋದರೆ ಜನ ಏನಂತಾರೋ ಎಂಬ ಅಂಜಿಕೆ ನಮ್ಮ ಕಡೆ ಇನ್ನೂ ಇದೆ. ಆ ಅಂಜಿಕೆಯಿಂದಲೇ ಎಷ್ಟೋ ಮನೆಗಳು ತಡಮಾಡುತ್ತವೆ. ದಯವಿಟ್ಟು ತಡಮಾಡಬೇಡಿ.

ಏನೇನು ಬೇಕು

ಒಂದು ನೋಟ್‌ಬುಕ್, ಎರಡು ಪೆನ್ನು, ಜಗಳವಿಲ್ಲದ ಎರಡು ಮೂರು ಸಂಜೆ. ಒಂದೊಂದು ಸಲಕ್ಕೆ ಒಂದು ತಾಸು ಸಾಕು. ಕೂಡು ಕುಟುಂಬದಲ್ಲಿ ಇಬ್ಬರೇ ಕೂತು ಮಾತಾಡುವ ಜಾಗ ಸಿಗುವುದು ಕಷ್ಟ ಎಂದು ಗೊತ್ತು. ಹುಬ್ಬಳ್ಳಿಯವರು ಉಣಕಲ್ ಕೆರೆಯ ದಂಡೆಗೆ, ಧಾರವಾಡದವರು ಸಾಧನಕೇರಿಗೆ, ಗದಗಿನವರು ಭೀಷ್ಮ ಕೆರೆಯ ಕಡೆಗೆ ಹೋಗಿ ಕೂರಬಹುದು. ಒಬ್ಬರು ಹುಬ್ಬಳ್ಳಿಯಲ್ಲಿ, ಇನ್ನೊಬ್ಬರು ಧಾರವಾಡದಲ್ಲಿ ಕೆಲಸ ಮಾಡುವ ದಂಪತಿಗಳು ಎಲ್ಲಾ ಮುಖ್ಯ ಮಾತುಗಳನ್ನೂ ಚಿಗರಿ ಬಸ್ಸಿನಲ್ಲಿ ನಿಂತುಕೊಂಡು ಫೋನಿನಲ್ಲೇ ಮುಗಿಸುತ್ತಾರೆ. ಈ ಮಾತಿಗೆ ಅದು ಆಗದು. ಎದುರೆದುರು ಕೂರಲೇಬೇಕು.

ಹಂತ 1: ಟೆಸ್ಟಿನ ಫಲಿತಾಂಶಕ್ಕೆ ಎಷ್ಟು ಬೆಲೆಯೋ ಅಷ್ಟೇ ಕೊಡಿ

ಮೊಬೈಲ್‌ನಲ್ಲಿ ಸಿಗುವ ಟೆಸ್ಟ್‌ಗಳು ಐಎನ್‌ಎಫ್‌ಜೆ, ಇಎಸ್‌ಟಿಪಿ ಎಂದು ನಾಲ್ಕು ಅಕ್ಷರ ಕೊಡುತ್ತವೆ. ಇದರ ಬೇರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯುಂಗ್ 1921ರಲ್ಲಿ ಮಂಡಿಸಿದ ವಿಚಾರದಲ್ಲಿದೆ. ಅದನ್ನು ಹಿಡಿದು ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಬ್ರಿಗ್ಸ್ ಮೈಯರ್ಸ್ ಜನರನ್ನು 16 ಗುಂಪುಗಳಾಗಿ ವಿಂಗಡಿಸಿದರು. ತೊಂದರೆ ಏನೆಂದರೆ, ಅದು ಮನುಷ್ಯನನ್ನು ಈ ಕಡೆ ಇಲ್ಲವೇ ಆ ಕಡೆ ಎಂದು ಎರಡಾಗಿ ಕತ್ತರಿಸುತ್ತದೆ. ನಿಜದಲ್ಲಿ ಹೆಚ್ಚಿನವರು ನಡುವೆ ಎಲ್ಲೋ ಇರುತ್ತಾರೆ. ಹಾಗಾಗಿ ಕೆಲವು ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡಿದರೆ ಅನೇಕರಿಗೆ ಬೇರೆಯದೇ ಅಕ್ಷರ ಬರುತ್ತದೆ.

ಈಗಿನ ಸಂಶೋಧಕರು ಹೆಚ್ಚಾಗಿ ಬಳಸುವುದು 'ಬಿಗ್ ಫೈವ್', ಅಂದರೆ ಐದು ಗುಣಗಳ ಅಳತೆ. ಹೊಸತಿಗೆ ಮನಸ್ಸು ತೆರೆದಿರುವುದು, ಶಿಸ್ತು ಮತ್ತು ಹೊಣೆಗಾರಿಕೆ, ಜನರ ಜೊತೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಬೇಗ ಕಳವಳಗೊಳ್ಳುವುದು. ಐದೂ ಎಲ್ಲರಲ್ಲೂ ಇರುತ್ತವೆ, ಪ್ರಮಾಣ ಮಾತ್ರ ಬೇರೆ.

ನಮ್ಮ ವಿಷಯಕ್ಕೆ ತುಂಬಾ ಬೇಕಾದದ್ದು ಆರನೆಯ ಗುಣ. ಕಿಬಿಯೊಮ್ ಲೀ ಮತ್ತು ಮೈಕೆಲ್ ಆ್ಯಷ್ಟನ್ ಎಂಬ ಸಂಶೋಧಕರು ಹಲವು ಭಾಷೆಗಳಲ್ಲಿ ಜನ ಒಬ್ಬರನ್ನೊಬ್ಬರು ಬಣ್ಣಿಸಲು ಬಳಸುವ ಪದಗಳನ್ನು ಪರಿಶೀಲಿಸಿದಾಗ, ಪ್ರಾಮಾಣಿಕತೆ ಮತ್ತು ವಿನಯ ಸೇರಿ ಒಂದು ಬೇರೆಯೇ ಗುಣವಾಗಿ ನಿಲ್ಲುತ್ತದೆ ಎಂದು ಕಂಡುಕೊಂಡರು. ಅಂದರೆ ಮಾತು ಮೃದುವಾಗಿದ್ದವರೆಲ್ಲ ಪ್ರಾಮಾಣಿಕರು ಎಂದಲ್ಲ. ಸಿಟ್ಟಿನವರೆಲ್ಲ ಮೋಸಗಾರರೂ ಅಲ್ಲ. ಬ್ಯಾಡಗಿ ಮೆಣಸಿನಕಾಯಿ ನೋಡಲು ಕಡುಕೆಂಪು, ತಿಂದರೆ ಖಾರ ಕಡಿಮೆ. ಬಣ್ಣ ನೋಡಿ ಖಾರ ಅಳೆಯಲಾಗದು, ಅಲ್ವಾ? ಮಾತಿನ ಧಾಟಿ ನೋಡಿ ಪ್ರಾಮಾಣಿಕತೆ ಅಳೆಯುವುದೂ ಅಷ್ಟೇ ತಪ್ಪು.

ಇಲ್ಲಿ ಜನ ಎಡವುವುದು ಎರಡು ಕಡೆ. ಒಂದು, ಟೆಸ್ಟಿನ ಫಲಿತಾಂಶವನ್ನು ಜಾತಕದಂತೆ ಹೊಂದಿಸಿ ನೋಡುವುದು. ಎರಡು, ಜಗಳದ ನಡುವೆ ಅದನ್ನೇ ಕಲ್ಲು ಮಾಡಿ ಎಸೆಯುವುದು: "ನಿನ್ನ ಟೈಪೇ ಹಂಗ ಬಿಡು." ಈ ಮಾತು ಬಂದ ಮೇಲೆ ಎದುರಿನವರಿಗೆ ಬದಲಾಗಲು ಕಾರಣವೇ ಉಳಿಯುವುದಿಲ್ಲ.

ಹಂತ 2: ನಿಮ್ಮ ಮನೆಯ ಒತ್ತಡದ ತಿಂಗಳುಗಳನ್ನು ಬರೆದುಕೊಳ್ಳಿ

ಒತ್ತಡ ಒಳ್ಳೆಯವರಿಗೂ ಏನು ಮಾಡುತ್ತದೆ ಎಂಬುದಕ್ಕೆ 1973ರಲ್ಲಿ ಪ್ರಕಟವಾದ ಒಂದು ಪ್ರಯೋಗ ಹೇಳಲೇಬೇಕು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬುವವರು ಪಾದ್ರಿಯಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಇನ್ನೊಂದು ಕಟ್ಟಡಕ್ಕೆ ಭಾಷಣ ಮಾಡಲು ಕಳಿಸಿದರು. ದಾರಿಯಲ್ಲಿ ಒಬ್ಬ ಕೆಮ್ಮುತ್ತಾ, ನರಳುತ್ತಾ ಬಿದ್ದಿದ್ದ. ಸಮಯ ಸಾಕಷ್ಟಿದೆ ಎಂದುಕೊಂಡವರಲ್ಲಿ ಶೇ. 63 ಮಂದಿ ನೆರವಾದರು. ತಡವಾಗಿದೆ, ಓಡಿ ಎಂದು ಹೇಳಿಸಿಕೊಂಡವರಲ್ಲಿ ನೆರವಾದವರು ಶೇ. 10 ಮಾತ್ರ. ಅವರ ಧರ್ಮಶ್ರದ್ಧೆ ಎಂಥದ್ದು ಎಂಬುದರಿಂದ ಯಾರು ನಿಲ್ಲುತ್ತಾರೆ, ಯಾರು ನಿಲ್ಲುವುದಿಲ್ಲ ಎಂದು ಹೇಳಲು ಆಗಲಿಲ್ಲ. ಅವಸರ ಎಷ್ಟಿತ್ತು ಎಂಬುದರಿಂದ ಆಯಿತು.

ಹಾಗಾದರೆ ನಿಮ್ಮ ಮನೆಗೆ ಅವಸರ, ಒತ್ತಡ ಯಾವಾಗ ಬರುತ್ತದೆ? ಅದು ಬಹಳಷ್ಟು ಸಲ ಮೊದಲೇ ಗೊತ್ತಿರುತ್ತದೆ. ಜೂನ್‌ನಲ್ಲಿ ಶಾಲೆ ಫೀ ಮತ್ತು ಬಿತ್ತನೆ ಬೀಜ, ಗೊಬ್ಬರ ಒಟ್ಟಿಗೆ ಬರುತ್ತವೆ. ಹಾವೇರಿ ಕಡೆ ಮೆಣಸಿನಕಾಯಿ ಬೆಳೆದವರಿಗೆ ಬ್ಯಾಡಗಿ ಪೇಟೆಯ ದರ ಬೀಳುವ ವಾರ. ಅಂಗಡಿಯವರಿಗೆ ಮಾರ್ಚ್ ಲೆಕ್ಕ. ನೇಮಕಾತಿ ಪರೀಕ್ಷೆಗೆ ಓದುವವರಿಗೆ ಕೀ ಉತ್ತರ ಬರುವ ದಿನ. ಮನೆಯಲ್ಲಿ ಯಾರಿಗಾದರೂ ಆಪರೇಷನ್, ತಂಗಿಯ ಮದುವೆ. ಇವನ್ನು ನೋಟ್‌ಬುಕ್‌ನಲ್ಲಿ ತಿಂಗಳುವಾರು ಬರೆಯಿರಿ. ಪ್ರತಿಯೊಂದರ ಮುಂದೆ, ಕಳೆದ ಸಲ ಆ ಹೊತ್ತಿನಲ್ಲಿ ನಿಮ್ಮಿಬ್ಬರ ನಡುವೆ ಏನಾಯಿತು ಎಂದು ಒಂದು ಸಾಲು ಸಾಕು.

ಈ ಹಂತವನ್ನು ಎಷ್ಟೋ ಜನ ಹಾರಿಸುತ್ತಾರೆ. ಹಾರಿಸಬೇಡಿ. "ಇವರು ಹೀಗೇ" ಎಂದುಕೊಂಡಿದ್ದು "ಇವರು ಜೂನ್ ತಿಂಗಳಲ್ಲಿ ಹೀಗೆ" ಎಂದು ಗೊತ್ತಾದರೆ ಅರ್ಧ ದಾರಿ ಬಂದಂತೆ.

ಹಂತ 3: ಒತ್ತಡದಲ್ಲಿ ನೀವು ಯಾವ ಕಡೆ ವಾಲುತ್ತೀರಿ ನೋಡಿಕೊಳ್ಳಿ

ಇಂಗ್ಲೆಂಡಿನ ಜಾನ್ ಬೌಲ್ಬಿ, ಅವರ ಜೊತೆ ಕೆಲಸ ಮಾಡಿದ ಮೇರಿ ಏನ್ಸ್‌ವರ್ತ್ ಎಳೆಮಕ್ಕಳು ತಾಯಿಗೆ ಅಂಟಿಕೊಳ್ಳುವ ಬಗೆಯನ್ನು ಅಧ್ಯಯನ ಮಾಡಿದರು. ದೊಡ್ಡವರ ಪ್ರೀತಿಯಲ್ಲೂ ಅದೇ ಬಗೆಗಳು ಕಾಣುತ್ತವೆ ಎಂದು 1987ರಲ್ಲಿ ಸಿಂಡಿ ಹಜಾನ್ ಮತ್ತು ಫಿಲಿಪ್ ಶೇವರ್ ತೋರಿಸಿದರು. ಇದಕ್ಕೆ ಅಟ್ಯಾಚ್‌ಮೆಂಟ್ ಎನ್ನುತ್ತಾರೆ, ಅಂದರೆ ಆಪ್ತರ ಮೇಲಿನ ನಂಟಿನ ಬಗೆ. ಇದನ್ನೂ ಮೇಲಿನ ಐದಾರು ಗುಣಗಳನ್ನೂ ಸೇರಿಸಿ, ನಮ್ಮ ಮನೆಗಳಲ್ಲಿ ಕಾಣುವ ನಾಲ್ಕು ವಾಲುಗಳನ್ನು ನನ್ನದೇ ಹೆಸರಿಟ್ಟು ಹೇಳುತ್ತೇನೆ. ಒಬ್ಬರಲ್ಲೇ ಎರಡು ಇರಬಹುದು.

ಬೆನ್ನು ಹತ್ತುವವರು. ಕಷ್ಟ ಬಂದರೆ ಇವರಿಗೆ ಆಪ್ತರು ಪಕ್ಕದಲ್ಲೇ ಬೇಕು. ಫೋನ್ ಎತ್ತದಿದ್ದರೆ ಹತ್ತು ಸಲ ಮಾಡುತ್ತಾರೆ. ಇವರು ದಾರಿ ತಪ್ಪುವುದು ತನಿಖೆಯಲ್ಲಿ: ಮೊಬೈಲ್ ತೆಗೆದು ನೋಡುವುದು, ಗೆಳೆಯರಿಗೆ ಫೋನ್ ಮಾಡಿ ವಿಚಾರಿಸುವುದು. ಅನುಮಾನ ಹುಟ್ಟಿದ್ದು ಭಯದಿಂದಲೇ ಇರಬಹುದು. ಆದರೂ ಕದ್ದು ನೋಡಿದ್ದು ಕದ್ದು ನೋಡಿದ್ದೇ.

ದೂರ ಸರಿಯುವವರು. ಇವರು ಮಾತು ಬಿಡುತ್ತಾರೆ. ಎರಡು ದಿನ, ನಾಲ್ಕು ದಿನ, ಕೆಲವೊಮ್ಮೆ ವಾರಗಟ್ಟಲೆ. "ಜಗಳ ಬ್ಯಾಡ ಅಂತ ಸುಮ್ನಿದ್ದೆ" ಎನ್ನುತ್ತಾರೆ. ಜಗಳವಾಡದಿರುವುದನ್ನೇ ಒಳ್ಳೆಯತನ ಎಂದುಕೊಂಡಿರುತ್ತಾರೆ. ಎದುರಿನವರಿಗೆ ಅದು ಶಿಕ್ಷೆಯಾಗಿ ಕಾಣುತ್ತದೆ.

ಲೆಕ್ಕ ಇಡುವವರು. ಶಿಸ್ತು ಜಾಸ್ತಿ, ಹೊಣೆಗಾರಿಕೆ ಜಾಸ್ತಿ. ಒತ್ತಡದಲ್ಲಿ ಶಿಸ್ತು ಹಿಡಿತವಾಗುತ್ತದೆ. ಮನೆ ಖರ್ಚಿನ ಪ್ರತಿ ರೂಪಾಯಿಗೂ ಜವಾಬು ಕೇಳುತ್ತಾರೆ, ಐದು ವರ್ಷದ ಹಿಂದಿನ ತಪ್ಪನ್ನೂ ಎತ್ತಿ ತೋರಿಸುತ್ತಾರೆ.

ಹೂಂ ಅನ್ನುವವರು. ಇವರ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು. ಯಾಕೆಂದರೆ ಇವರನ್ನು ಯಾರೂ ಅನುಮಾನಿಸುವುದಿಲ್ಲ, ಇವರಿಂದಲೇ ನಮ್ಮ ಕಡೆ ಅತಿ ದೊಡ್ಡ ನಂಬಿಕೆಗೇಡುಗಳು ಆಗುತ್ತವೆ. ಇವರು ಎಲ್ಲರಿಗೂ ಬೇಕಾದವರು. ಯಾರಿಗೂ ಇಲ್ಲ ಎನ್ನಲಾರರು. ಗೆಳೆಯ ಬಂದು "ಜಾಮೀನಿಗೆ ಒಂದು ಸಹಿ ಹಾಕಪಾ" ಎಂದರೆ ಹಾಕುತ್ತಾರೆ. ಕಾಕಾನ ಮಗ ಕೈಗಡ ಕೇಳಿದರೆ ಕೊಡುತ್ತಾರೆ. ಹೆಂಡತಿ ಬೇಡ ಎನ್ನುತ್ತಾಳೆ ಎಂದು ಗೊತ್ತು, ಹಾಗಾಗಿ ಅವಳಿಗೆ ಹೇಳುವುದಿಲ್ಲ. ಇಬ್ಬರನ್ನೂ ನೋಯಿಸಬಾರದು ಎಂದುಕೊಂಡು ಕೊನೆಗೆ ಮನೆಯವಳಿಂದ ಮುಚ್ಚಿಡುತ್ತಾರೆ.

ಸೊಸೈಟಿ ಸಾಲಕ್ಕೆ ಜಾಮೀನು ನಿಲ್ಲುವುದು ನಮ್ಮ ಕಡೆ ಸ್ನೇಹದ ಒಂದು ಭಾಗವೇ ಆಗಿದೆ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಶುರುವಾದ ನಾಡು ಇದು. ಒಬ್ಬರಿಗೊಬ್ಬರು ಆಗುವುದು ನಮ್ಮ ಹೆಮ್ಮೆ, ಅದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಜಾಮೀನು ಅಂದರೇನು ಎಂಬುದು ಸಹಿ ಹಾಕುವ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಬೇರೆ ಷರತ್ತು ಬರೆಯದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಸಾಲಗಾರ ಕಂತು ಕಟ್ಟದಿದ್ದರೆ ಸಾಲ ಕೊಟ್ಟವರು ನೇರವಾಗಿ ನಿಮ್ಮ ಬಳಿ ಬರಬಹುದು. ಬ್ಯಾಂಕ್ ಸಾಲವಾದರೆ ಅದು ನಿಮ್ಮ ಸಿಬಿಲ್ ವರದಿಯಲ್ಲೂ, ಅಂದರೆ ನಿಮ್ಮ ಸಾಲಗಳ ಚರಿತ್ರೆಯಲ್ಲೂ ಕಾಣುತ್ತದೆ, ನಾಳೆ ನಿಮ್ಮದೇ ಮನೆ ಸಾಲಕ್ಕೆ ಅಡ್ಡ ಬರಬಹುದು. ಅಂದರೆ ಆ ಒಂದು ಸಹಿ ಮಕ್ಕಳ ಫೀ ದುಡ್ಡಿನ ಮೇಲೆ ಹಾಕಿದ ಸಹಿ. ಅದು ಹೆಂಡತಿಗೂ ಗೊತ್ತಿರಬೇಕಾದ ವಿಷಯ.

ಈಗ ನೋಟ್‌ಬುಕ್‌ನಲ್ಲಿ ನಿಮ್ಮ ವಾಲು ಯಾವುದು ಎಂದು ನೀವೇ ಬರೆಯಿರಿ. ಎದುರಿನವರದ್ದನ್ನು ನೀವು ಬರೆಯಬೇಡಿ. ಈ ನಿಯಮ ಮುರಿದರೆ ಆ ಸಂಜೆ ಅಲ್ಲಿಗೇ ಮುಗಿಯುತ್ತದೆ.

ಹಂತ 4: ಸ್ವಭಾವ ಒಂದು ಕಡೆ, ತಪ್ಪು ಇನ್ನೊಂದು ಕಡೆ

ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಸ್ವಭಾವ, ಬಲಕ್ಕೆ ನಂಬಿಕೆಗೇಡು. ಕಳೆದ ವರ್ಷದ ಜಗಳಗಳನ್ನು ಒಂದೊಂದಾಗಿ ಎತ್ತಿಕೊಂಡು ಎಲ್ಲಿ ಬರೆಯಬೇಕು ನೋಡಿ.

ದನಿ ಏರುವುದು, ಅಳು ಬರುವುದು, ಸ್ವಲ್ಪ ಹೊತ್ತು ಒಂಟಿಯಾಗಿ ಕೂರಬೇಕು ಅನ್ನಿಸುವುದು, ನಿರ್ಧಾರಕ್ಕೆ ಟೈಮ್ ಬೇಕು ಎನ್ನುವುದು ಎಡಕ್ಕೆ. ಇವಕ್ಕೆ ಹೊಂದಿಕೊಳ್ಳಬೇಕು. ಸುಳ್ಳು ಹೇಳುವುದು, ಇಬ್ಬರ ದುಡ್ಡನ್ನು ಕೇಳದೆ ಬಳಸುವುದು, ಗುಟ್ಟಿನ ಮಾತನ್ನು ತವರಿಗೋ ಗೆಳೆಯರಿಗೋ ಹೇಳಿ ನಗುವುದು, ಕೊಟ್ಟ ಮಾತನ್ನು ತಿಳಿಸದೆ ಮುರಿಯುವುದು ಬಲಕ್ಕೆ. ಇವಕ್ಕೆ ಹೊಂದಿಕೊಳ್ಳಬಾರದು.

ಯಾವ ಕಡೆ ಬರೆಯಬೇಕೆಂದು ಗೊಂದಲವಾದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಗೊತ್ತಾಗಿದ್ದರೆ ಎದುರಿನವರು ಬೇರೆ ನಿರ್ಧಾರ ಮಾಡುತ್ತಿದ್ದರೇ? ಹೌದು ಎಂದಾದರೆ, ಮುಚ್ಚಿಟ್ಟು ನೀವು ಅವರ ನಿರ್ಧಾರವನ್ನು ಕಸಿದುಕೊಂಡಿದ್ದೀರಿ. ಅದು ಬಲಕ್ಕೆ.

ಈ ಕೆಲಸ ಮಾಡುವಾಗ ನೆಪಗಳು ತಾವಾಗಿಯೇ ಬಾಯಿಗೆ ಬರುತ್ತವೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಇದನ್ನು ಮನಸ್ಸಾಕ್ಷಿಯ ಸಂಪರ್ಕ ಕಳಚಿಕೊಳ್ಳುವುದು ಎಂಬ ಅರ್ಥದಲ್ಲಿ ವಿವರಿಸಿದ್ದಾರೆ. ಮನುಷ್ಯ ತನ್ನನ್ನು ಒಳ್ಳೆಯವನೆಂದೇ ನಂಬಿಕೊಂಡು ತಪ್ಪು ಮಾಡಲು ಬಳಸುವ ದಾರಿಗಳಿವು. ನಮ್ಮ ಮನೆಗಳಲ್ಲಿ ಅವು ಹೀಗೆ ಕೇಳಿಸುತ್ತವೆ. "ಬರೇ ಹತ್ತು ಸಾವಿರ, ಅದೇನ ದೊಡ್ಡದು?" ಇದು ಸಣ್ಣದು ಮಾಡುವುದು. "ಅಣ್ಣ ಹೇಳಿದಾ, ನಾ ಸಹಿ ಹಾಕಿದೆ." ಇದು ಹೊಣೆ ಜಾರಿಸುವುದು. "ಅವರ ಮನ್ಯಾಗ ನೋಡು, ಇದಕ್ಕಿಂತ ಹೆಚ್ಚು ಮಾಡ್ಯಾರ." ಇದು ಹೋಲಿಕೆ. ಎಲ್ಲಕ್ಕಿಂತ ಕೆಟ್ಟದ್ದು ಇದು: "ನೀ ಸಿಟ್ಟ ಮಾಡತಿ ಅಂತನ ಹೇಳಲಿಲ್ಲ." ತಪ್ಪು ಮಾಡಿದ್ದು ಒಬ್ಬರು, ಕಾರಣ ಇನ್ನೊಬ್ಬರ ಸ್ವಭಾವ! ಈ ವಾಕ್ಯ ನಿಮ್ಮ ಬಾಯಲ್ಲಿ ಬಂದರೆ ಅಲ್ಲೇ ನಿಲ್ಲಿಸಿ. ಎದುರಿನವರ ಸಿಟ್ಟು ನಿಜವಾಗಿಯೂ ಸಮಸ್ಯೆಯಾಗಿದ್ದರೆ ಅದನ್ನು ಬೇರೆ ಸಾಲಿನಲ್ಲಿ ಬರೆದು ಬೇರೆಯಾಗಿ ಮಾತಾಡಿ.

ಹಂತ 5: ಕರಾರು ಬರೆಯಿರಿ

ಐದಾರು ಸಾಲು ಸಾಕು. ಜಾಸ್ತಿ ಬರೆದರೆ ಯಾರೂ ಪಾಲಿಸುವುದಿಲ್ಲ. ನಾನು ಸೂಚಿಸುವ ಮಾದರಿ ಇದು. ಮೊತ್ತ, ಅವಧಿ ನಿಮ್ಮ ಮನೆಗೆ ತಕ್ಕಂತೆ ಹಾಕಿಕೊಳ್ಳಿ.

"ಐದು ಸಾವಿರ ರೂಪಾಯಿ ಮೀರಿದ ಕೈಗಡ, ಭಿಶಿ (ಚೀಟಿ), ಸಾಲ ಯಾವುದೇ ಇರಲಿ, ಕೊಡುವ ಮುಂಚೆ ಇಲ್ಲವೇ ತೆಗೆದುಕೊಳ್ಳುವ ಮುಂಚೆ ಒಬ್ಬರಿಗೊಬ್ಬರು ಹೇಳುತ್ತೇವೆ. ಜಾಮೀನಿನ ಸಹಿಗೆ ಮೊತ್ತ ಎಷ್ಟೇ ಇರಲಿ, ಇಬ್ಬರೂ ಒಪ್ಪಬೇಕು.

ಮಾತು ಬಿಟ್ಟರೆ ಒಂದು ದಿನ ಮೀರಬಾರದು.

ಜಗಳದ ವಿಷಯವನ್ನು ಮೂರನೆಯವರಿಗೆ ಹೇಳುವುದಾದರೆ, ಯಾರಿಗೆ ಹೇಳುತ್ತೇವೆ ಎಂದು ಮೊದಲೇ ಗೊತ್ತುಮಾಡಿಕೊಂಡ ಒಬ್ಬರಿಗೆ ಮಾತ್ರ.

ಕೆಟ್ಟ ಸುದ್ದಿಯನ್ನು ಎರಡು ದಿನದೊಳಗೆ ಹೇಳುತ್ತೇವೆ. ಹಾಗೆ ತಾನಾಗಿಯೇ ಬಂದು ಹೇಳಿದವರ ಮೇಲೆ ಆ ದಿನ ಕೂಗಾಡುವುದಿಲ್ಲ."

ಕೊನೆಯ ಸಾಲು ಬಹಳ ಮುಖ್ಯ. ಹೂಂ ಅನ್ನುವವರು, ದೂರ ಸರಿಯುವವರು ನಿಜ ಹೇಳಬೇಕೆಂದರೆ ಹೇಳಿದ ಕ್ಷಣಕ್ಕೆ ರಕ್ಷಣೆ ಬೇಕು. ಸಿಟ್ಟು ಮಾಡಿಕೊಳ್ಳುವ ಹಕ್ಕು ಕಳೆದುಹೋಗುವುದಿಲ್ಲ, ಮರುದಿನಕ್ಕೆ ಹೋಗುತ್ತದೆ ಅಷ್ಟೇ.

ಜಾಮೀನಿಗೆ ಬರುವವರಿಗೆ ಹೇಳಲು ಒಂದು ಮಾತನ್ನು ಇಬ್ಬರೂ ಸೇರಿ ಸಿದ್ಧ ಮಾಡಿಟ್ಟುಕೊಳ್ಳಿ: "ನಮ್ಮ ಮನ್ಯಾಗ ಇಬ್ಬರೂ ಕೇಳಿಕೊಂಡ ಸಹಿ ಹಾಕೋದು ಅಂತ ಐತ್ರಿ. ನಾಳೆ ಹೇಳ್ತೀನಿ." ಇಲ್ಲ ಎನ್ನಲಾಗದವರಿಗೆ ನಾಳೆ ಎನ್ನಲು ಬರುತ್ತದೆ. ಆ ಒಂದು ರಾತ್ರಿ ಸಿಕ್ಕರೆ ಸಾಕು.

ಫೋನ್ ಬಗ್ಗೆ ಪ್ರಶ್ನೆಗಳು ಬಹಳ ಬರುತ್ತವೆ. ಪಾಸ್‌ವರ್ಡ್ ಕೊಡಬೇಕಾ, ಬೇಡವಾ? ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ತುರ್ತಿಗೆ ಫೋನ್ ತೆರೆಯಲು ಗೊತ್ತಿರಲಿ, ದಿನಾ ತೆರೆದು ಓದುವುದು ಬೇಡ. ಗೆಳತಿಯೊಬ್ಬಳು ತನ್ನ ನೋವು ಹೇಳಿಕೊಂಡ ಮೆಸೇಜು ನಿಮ್ಮ ಹೆಂಡತಿಯ ಫೋನಿನಲ್ಲಿದ್ದರೆ ಅದು ಆ ಗೆಳತಿಯ ಗುಟ್ಟು, ನಿಮ್ಮದಲ್ಲ. ಒಮ್ಮೆ ನಂಬಿಕೆ ಮುರಿದ ಮೇಲೆ ಇದು ಬದಲಾಗಬಹುದು. ಅದನ್ನು ಹಂತ 7ರಲ್ಲಿ ನೋಡೋಣ.

ಈ ಕಾಗದವನ್ನು ಗೋಡೆಗೆ ಅಂಟಿಸಬೇಡಿ, ಅತ್ತೆ ಮಾವನಿಗೆ ಓದಿಸಬೇಡಿ. ಇದು ಇಬ್ಬರದ್ದು.

ಹಂತ 6: ಜಗಳ ಬಿಸಿಯಾದಾಗ ನಿಲ್ಲಿಸುವ ಅಭ್ಯಾಸ

ದಂಪತಿಗಳ ಜಗಳವನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಅಮೆರಿಕದ ಜಾನ್ ಗಾಟ್‌ಮನ್ ಒಂದು ಸ್ಥಿತಿಯನ್ನು ಗುರುತಿಸಿದ್ದಾರೆ. ಜಗಳದ ಭರದಲ್ಲಿ ಎದೆಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಮೈ ತಣ್ಣಗಾಗಲು ಕನಿಷ್ಠ 20 ನಿಮಿಷ ಬೇಕು. ಆ ಹೊತ್ತಿನಲ್ಲಿ ಆಡಿದ ಮಾತೇ ವರ್ಷಗಟ್ಟಲೆ ಚುಚ್ಚುವುದು.

ಹಾಗಾಗಿ ನಿಲ್ಲಿಸುವ ಮಾತು ಮೊದಲೇ ಗೊತ್ತಿರಲಿ. "ಈಗ ನನಗ ಭಾಳ ಸಿಟ್ಟು ಬಂದೈತ್ರಿ. ಅರ್ಧ ತಾಸು ಬಿಟ್ಟು ಮಾತಾಡೋಣು." ಎದ್ದು ಹೋಗುವವರೇ ಮರಳಿ ಬರುವ ಹೊತ್ತನ್ನೂ ಹೇಳಬೇಕು, ಹೇಳಿದ ಹೊತ್ತಿಗೆ ಬರಬೇಕು. ಹೊತ್ತು ಹೇಳದೆ ಎದ್ದು ಹೋದರೆ ಬೆನ್ನು ಹತ್ತುವವರಿಗೆ ಅದು ಬಿಟ್ಟುಹೋದಂತೆಯೇ. ಉಳಿದವರು ಆ ಅರ್ಧ ತಾಸು ಬಾಗಿಲು ಬಡಿಯಬಾರದು, ಮೆಸೇಜ್ ಮಾಡಬಾರದು.

ವಿರಾಮದಲ್ಲಿ ಎದುರಿನವರನ್ನು ಹೇಗೆ ಮಾತಿನಲ್ಲಿ ಸೋಲಿಸಲಿ ಎಂದು ಯೋಚಿಸುತ್ತಾ ಕೂತರೆ ಎದೆಬಡಿತ ಇಳಿಯುವುದಿಲ್ಲ. ನೀರು ಕುಡಿಯಿರಿ, ಒಂದು ಸುತ್ತು ನಡೆದು ಬನ್ನಿ, ಪಾತ್ರೆ ತೊಳೆಯಿರಿ. ಕುಡಿದು ಬರುವುದು ವಿರಾಮವಲ್ಲ.

ಹಂತ 7: ಕರಾರು ಮುರಿದಾಗ

ಇದು ಎಲ್ಲಕ್ಕಿಂತ ಕಷ್ಟದ ಹಂತ. ಮುರಿದವರು ಮಾಡಬೇಕಾದ ಮೊದಲ ಕೆಲಸ ಎಲ್ಲವನ್ನೂ ಒಂದೇ ಸಲಕ್ಕೆ ಹೇಳುವುದು. ನಮ್ಮವರು ಕಂತಿನಲ್ಲಿ ಹೇಳುತ್ತಾರೆ. ಮೊದಲು ಐವತ್ತು ಸಾವಿರ ಎನ್ನುತ್ತಾರೆ, ವಾರ ಬಿಟ್ಟು ಒಂದು ಲಕ್ಷ, ತಿಂಗಳು ಬಿಟ್ಟು ಇನ್ನೊಂದು ಸೊಸೈಟಿಯ ಹೆಸರು. ಹೆಂಡತಿಗೆ ಎರಡನೆಯ ಸಲ ಗೊತ್ತಾದಾಗ ಹೋಗುವ ನಂಬಿಕೆ ಮೊದಲ ಸಲಕ್ಕಿಂತ ದೊಡ್ಡದು. ಸಾಲದ ವಿಷಯವಾದರೆ ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡುತ್ತವೆ, ಅದನ್ನು ತೆಗೆದು ಮುಂದಿಡಿ. ಕೈಗಡ ಮತ್ತು ಭಿಶಿ ಅದರಲ್ಲಿ ಬರುವುದಿಲ್ಲ, ಅವನ್ನು ಕೈಯಲ್ಲೇ ಬರೆದು ಕೊಡಿ.

ಕ್ಷಮೆ ಕೇಳುವಾಗ 'ಆದರೆ' ಎಂಬ ಮಾತು ಬೇಡ. "ನಿಮಗ ಹೇಳಲಾರದ ಸಹಿ ಹಾಕಿದೆ. ಅದು ತಪ್ಪು. ನಿಮ್ಮನ್ನ ಕೇಳಬೇಕಾಗಿತ್ತು." ಇಷ್ಟಕ್ಕೆ ನಿಲ್ಲಿಸಿ. ಕಾರಣವನ್ನು ಅವರು ಕೇಳಿದಾಗ ಹೇಳಿದರಾಯಿತು.

ನೋವುಂಡವರಿಗೂ ಒಂದು ಕೆಲಸವಿದೆ. ನಂಬಿಕೆ ಮರಳಲು ಏನು ಬೇಕು ಎಂದು ಸ್ಪಷ್ಟವಾಗಿ ಹೇಳಬೇಕು. ಆರು ತಿಂಗಳು ಬ್ಯಾಂಕ್ ಪಾಸ್‌ಬುಕ್ ತೋರಿಸಬೇಕು, ಮೂರು ತಿಂಗಳು ಫೋನ್ ತೆರೆದಿಡಬೇಕು, ಹೀಗೆ. ಅದಕ್ಕೆ ಕೊನೆಯ ದಿನಾಂಕ ಇರಲಿ. ಕೊನೆಯಿಲ್ಲದ ಕಾವಲಿನಲ್ಲಿ ಕಾಯುವವರೂ ಬಳಲುತ್ತಾರೆ, ಕಾಯಿಸಿಕೊಳ್ಳುವವರು ಮತ್ತೆ ಮುಚ್ಚಿಡಲು ಕಲಿಯುತ್ತಾರೆ. ಏನು ಮಾಡಿದರೂ ನನಗಿನ್ನು ನಂಬಲಾಗದು ಎಂದು ಅನ್ನಿಸಿದರೆ ಅದನ್ನೂ ಹೇಳಬಹುದು. ಕ್ಷಮಿಸಲೇಬೇಕು ಎಂಬ ಕಟ್ಟುಪಾಡು ನೋವುಂಡವರ ಮೇಲಿಲ್ಲ. ಸುತ್ತಲಿನವರು, ಅದರಲ್ಲೂ ಹೆಣ್ಣುಮಕ್ಕಳಿಗೆ, "ಆದದ್ದಾತು ಬಿಡವಾ, ಸಂಸಾರ ಅಂದ್ರ ಇರೂದ" ಎಂದು ಬೇಗ ಮುಗಿಸಲು ನೋಡುತ್ತಾರೆ. ಹಾಗೆ ಮುಗಿದದ್ದು ಒಳಗೆ ಮುಗಿದಿರುವುದಿಲ್ಲ.

ಹಿರಿಯರನ್ನು ಕೂಡಿಸುವುದಾದರೆ ಇಬ್ಬರಿಗೂ ಒಪ್ಪಿಗೆಯಾದ ಒಬ್ಬರು ಸಾಕು. ಹತ್ತು ಜನ ಕೂತರೆ ಮಾತು ಮನೆತನದ ಮರ್ಯಾದೆಯ ಕಡೆಗೆ ತಿರುಗುತ್ತದೆ, ಸಹಿ ಹಾಕಿದ ವಿಷಯ ಎಲ್ಲೋ ಉಳಿಯುತ್ತದೆ. ಒಂದೇ ನಂಬಿಕೆಗೇಡು ಮತ್ತೆ ಮತ್ತೆ ಆಗುತ್ತಿದ್ದರೆ, ಅದರ ಹಿಂದೆ ಕುಡಿತವೋ ಆನ್‌ಲೈನ್ ಜೂಜೋ ಇದ್ದರೆ ಮನೆಯ ಹಿರಿಯರ ಬುದ್ಧಿಮಾತು ಸಾಲದು. ಅದಕ್ಕೆ ಆಪ್ತಸಮಾಲೋಚಕರು ಬೇಕು, ವೈದ್ಯರು ಬೇಕು.

ಎದುರಿನವರು ಕೂರಲು ಒಪ್ಪದಿದ್ದರೆ?

ಈ ಪ್ರಶ್ನೆಯೂ ಬಂದೇ ಬರುತ್ತದೆ. ಒತ್ತಾಯ ಮಾಡಬೇಡಿ, ಈ ಲೇಖನವನ್ನು ಅವರ ವಾಟ್ಸ್ಆ್ಯಪ್‌ಗೆ ಕಳಿಸಿ "ಓದ್ರಿ, ನಿಮ್ಮ ಬಗ್ಗೇನ ಬರದಾರ" ಎನ್ನಲೂ ಬೇಡಿ. ನಿಮ್ಮ ಪಾಲಿನ ಹಂತ 2, 3, 4 ಒಬ್ಬರೇ ಮಾಡಿ. ನಿಮ್ಮ ವಾಲು ಏನು, ಅದರಿಂದ ನೀವು ಮಾಡಿದ ಒಂದು ತಪ್ಪು ಏನು ಎಂದು ಒಂದು ಶಾಂತ ಸಂಜೆ ನೀವೇ ಮೊದಲು ಹೇಳಿ. ಅವರಿಂದ ಉತ್ತರ ಬೇಡಬೇಡಿ. ಆಮೇಲೆ ಕರಾರಿನ ಒಂದೇ ಒಂದು ಸಾಲನ್ನು ಮುಂದಿಡಿ, ಜಾಮೀನಿನದ್ದೋ ಮಾತು ಬಿಡುವುದರದ್ದೋ. ಒಂದು ಸಾಲು ಮೂರು ತಿಂಗಳು ನಡೆದರೆ ಎರಡನೆಯದನ್ನು ಸೇರಿಸಿ. ಅದೂ ಬೇಡ ಎಂದರೆ, ಇಬ್ಬರ ಹೆಸರಿನ ಖಾತೆಯ ಎಸ್ಸೆಮ್ಮೆಸ್ಸು ನಿಮ್ಮ ಫೋನಿಗೂ ಬರುವಂತೆ ಬ್ಯಾಂಕಿನಲ್ಲಿ ಕೇಳಿ ನೋಡಿ, ನಿಮ್ಮ ಆಧಾರ್, ಚೆಕ್ ಪುಸ್ತಕ, ಬಂಗಾರದ ರಸೀದಿ ಎಲ್ಲಿವೆ ಎಂದು ಇವತ್ತೇ ನೋಡಿಟ್ಟುಕೊಳ್ಳಿ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಅದನ್ನು ತಂದವರು ಗಂಡನೇ ಆಗಿರಲಿ, ಅಣ್ಣನೇ ಆಗಿರಲಿ.